ತೋಟದ ಚಿತ್ರ ಇ-ಮೇಲಿನಲ್ಲಿ ಹೋಗದಿದ್ದಾಗ

ನಮ್ಮ ಬೆಳೆಗಾರ ಬಾಂಧವರಲ್ಲಿ ಹಲವರ ಮನೆಗೆ ಈಗ ಕಂಪ್ಯೂಟರು ಬಂದಿದೆ. ಮಕ್ಕಳ ಓದಿಗೆಂದು ತಂದದ್ದು, ಮಕ್ಕಳು ಪೇಟೆ ಸೇರಿದ ಮೇಲೆ ಹಿರಿಯರ ಪಾಲಿಗೆ ಉಳಿದಿದೆ. ಧಾರಣೆ ನೋಡುವುದು, ಇ-ಮೇಲಿನಲ್ಲಿ ನಾಲ್ಕು ಸಾಲು ಪತ್ರ ಬರೆಯುವುದು, ಇಷ್ಟನ್ನು ಹೇಗೋ ಕಲಿತುಕೊಂಡಿದ್ದೇವೆ. ಆದರೆ ಆ ಪತ್ರಕ್ಕೆ ಒಂದು ಚಿತ್ರವನ್ನು ಲಗತ್ತಿಸಿ ಕಳಿಸಬೇಕೆಂದರೆ ಮಾತ್ರ ಕೈ ತಡವರಿಸುತ್ತದೆ. ಒಮ್ಮೆ ಹೋಗುತ್ತದೆ, ಇನ್ನೊಮ್ಮೆ ಹೋಗುವುದಿಲ್ಲ. ಏಕೆ ಹೋಯಿತು, ಏಕೆ ಹೋಗಲಿಲ್ಲ ಎಂಬುದೇ ತಿಳಿಯುವುದಿಲ್ಲ.

ಇದು ಹವ್ಯಾಸದ ಮಾತಾಗಿದ್ದರೆ ಈ ಪುಟಗಳಲ್ಲಿ ಬರೆಯುವ ಅಗತ್ಯವಿರಲಿಲ್ಲ. ರೋಗ ತಗುಲಿದ ಎಲೆ, ಕಾಂಡಕೊರಕ ಹೊಕ್ಕ ಕಾಫಿ ಗಿಡ, ಗಾಳಿಗೆ ಮುರಿದು ಬಿದ್ದ ಅಡಿಕೆ ಮರ ಇವುಗಳ ಚಿತ್ರವನ್ನು ಕಳಿಸಿ ಎಂದು ಸಂಶೋಧನಾ ಕೇಂದ್ರದವರೂ ವಿಮೆಯವರೂ ಈಗ ಕೇಳುತ್ತಾರೆ. ಮೊದಲಾದರೆ ಎಲೆಯನ್ನೇ ಕಟ್ಟಿಕೊಂಡು ಬಾಳೆಹೊನ್ನೂರಿಗೋ ವಿಟ್ಲಕ್ಕೋ ಬಸ್ಸು ಹತ್ತಬೇಕಿತ್ತು. ಚಿತ್ರ ಸಕಾಲಕ್ಕೆ, ಸರಿಯಾಗಿ ಹೋದರೆ ಒಂದು ದಿನದ ದುಡಿಮೆ ಉಳಿಯುತ್ತದೆ. ಹೋಗದಿದ್ದರೆ ಮದ್ದು ಹೊಡೆಯುವ ಹದ ತಪ್ಪುತ್ತದೆ. ನನಗೆ ಈ ವಿಷಯದಲ್ಲಿ ಬುದ್ಧಿ ಬಂದದ್ದು ತೋಟದಲ್ಲಲ್ಲ. ಅಡಿಕೆಯ ಒಂದು ಮರವೂ ಕಣ್ಣಿಗೆ ಬೀಳದ ಗದಗ ಜಿಲ್ಲೆಯ ಸೂಡಿಯಲ್ಲಿ.

ಗಜೇಂದ್ರಗಡದ ಹತ್ತಿರದ ಈ ಊರಿಗೆ ನಮ್ಮ ಮಗಳನ್ನು ಕೊಟ್ಟಿದ್ದೇವೆ. ಕಳೆದ ಮಳೆಗಾಲದ ಕೊನೆಗೆ ಅವಳ ಕುಬಸಕ್ಕೆಂದು (ನಮ್ಮ ಕಡೆ ಸೀಮಂತ ಎನ್ನುತ್ತೇವೆ) ಮನೆಮಂದಿಯೆಲ್ಲ ಹೊರಟಿದ್ದೆವು. ಹೊರಡುವ ದಿನ ಬೆಳಿಗ್ಗೆ ಕೆಳಗಿನ ತೋಟಕ್ಕೆ ಇಳಿದವನು, ಬುಡದ ಸಾಲಿನ ಸೋಗೆಗಳಲ್ಲಿ ಕಂದು ಚುಕ್ಕಿಗಳನ್ನು ಕಂಡು ನಿಂತುಬಿಟ್ಟೆ. ಎಲೆಚುಕ್ಕಿ ರೋಗ ನಮ್ಮ ಸೀಮೆಯಲ್ಲಿ ಎಷ್ಟು ತೋಟಗಳನ್ನು ಒಣಗಿಸಿದೆ ಎಂಬುದನ್ನು ಓದುಗರಿಗೆ ನಾನು ಹೇಳಬೇಕಾಗಿಲ್ಲ. ಫೋನಿನಲ್ಲಿ 14 ಚಿತ್ರ ತೆಗೆದೆ. ಬಸ್ಸಿನಲ್ಲಿ ಕುಳಿತೇ ಸಂಶೋಧನಾ ಕೇಂದ್ರದ ಅಧಿಕಾರಿಗಳೊಬ್ಬರಿಗೆ ಫೋನು ಮಾಡಿದೆ. ‘ಮಾತಿನಲ್ಲಿ ಹೇಳಿದರೆ ಗೊತ್ತಾಗುವುದಿಲ್ಲ, ಚುಕ್ಕಿಯ ಅಂಚು, ಅದರ ಸುತ್ತಲಿನ ಹಳದಿ ಬಳೆ ಕಾಣುವಂತೆ ಚಿತ್ರವನ್ನು ಮೇಲ್ ಮಾಡಿ, ನೋಡಿ ಹೇಳುತ್ತೇನೆ’ ಎಂದರು. ಮುಂದಿನ ಮಳೆ ಹಿಡಿಯುವುದಕ್ಕೆ ಮೊದಲು ನಾಲ್ಕೈದು ದಿನ ಬಿಸಿಲಿದೆ ಎಂದು ಹವಾಮಾನದವರು ಹೇಳಿದ್ದರು. ಕೊನೆಗಾರರು ಸಿಕ್ಕುವುದೇ ಕಷ್ಟವಿರುವಾಗ, ಯಾವ ಮದ್ದು ಎಂದು ತಿಳಿಯದೆ ಅವರನ್ನು ಕರೆಸುವುದಾದರೂ ಹೇಗೆ?

ಕುಬಸ ಮುಗಿದ ರಾತ್ರಿ ಅಳಿಯಂದಿರ ಕಂಪ್ಯೂಟರಿನ ಮುಂದೆ ಕುಳಿತೆ. ಹತ್ತು ನಿಮಿಷದ ಕೆಲಸ ಎಂದುಕೊಂಡಿದ್ದೆ. ಮೂರು ದಿನ ಹಿಡಿಯಿತು.

ಮೊದಲ ತೊಡಕು ಚಿತ್ರಗಳನ್ನು ಫೋನಿನಿಂದ ಕಂಪ್ಯೂಟರಿಗೆ ಇಳಿಸುವುದರಲ್ಲೇ ಬಂತು. ತಂತಿ ಚುಚ್ಚಿದರೆ ಫೋನಿನ ಹೆಸರು ತೆರೆಯ ಮೇಲೆ ಬಂತು, ಒಳಗೆ ನೋಡಿದರೆ ಖಾಲಿ. ಫೋನು ಕೆಟ್ಟಿತೆಂದು ಗಾಬರಿಯಾಗಬೇಕಾಗಿಲ್ಲ. ಆಂಡ್ರಾಯ್ಡ್ ಫೋನು ತಂತಿ ಚುಚ್ಚಿದ ಕೂಡಲೇ ‘ಚಾರ್ಜು ಮಾತ್ರ’ ಎಂಬ ಸ್ಥಿತಿಯಲ್ಲಿರುತ್ತದೆ. ಫೋನಿನ ಬೀಗ ತೆಗೆದು, ಮೇಲಿನಿಂದ ಕೆಳಗೆ ಬೆರಳೆಳೆದರೆ ಯುಎಸ್‌ಬಿ ಎಂಬ ಸೂಚನೆ ಕಾಣುತ್ತದೆ. ಅದನ್ನು ಒತ್ತಿ ‘ಫೈಲ್ ಟ್ರಾನ್ಸ್‌ಫರ್’ ಎಂಬುದನ್ನು ಆರಿಸತಕ್ಕದ್ದು. ಆಗಲೂ ಖಾಲಿಯೇ ಇದ್ದರೆ ತಂತಿಯನ್ನು ಬದಲಿಸಿ ನೋಡಿ. ಅಗ್ಗದ ತಂತಿಗಳಲ್ಲಿ ಕೆಲವು ವಿದ್ಯುತ್ತನ್ನು ಸಾಗಿಸುತ್ತವೆಯೇ ಹೊರತು ಚಿತ್ರವನ್ನು ಸಾಗಿಸುವುದಿಲ್ಲ. ಫೋನಿನೊಳಗೆ ಡಿಸಿಐಎಂ ಎಂಬ ಫೋಲ್ಡರು, ಅದರೊಳಗೆ ಕ್ಯಾಮೆರಾ ಎಂಬುದು. ಬೇಕಾದ ಚಿತ್ರಗಳನ್ನು ಅಲ್ಲಿಂದ ನಕಲು ಮಾಡಿ ಕಂಪ್ಯೂಟರಿನ ಪಿಕ್ಚರ್ಸ್ ಫೋಲ್ಡರಿನಲ್ಲಿ ಹಾಕಿಕೊಳ್ಳಬೇಕು. ಫೋನಿನೊಳಗಿಂದಲೇ ಪತ್ರಕ್ಕೆ ನೇರವಾಗಿ ಎಳೆದು ಹಾಕುವ ಆಸೆ ಬೇಡ. ಬಹುಪಾಲು ಅದು ಏನೂ ಆಗದೆ ಸುಮ್ಮನಾಗುತ್ತದೆ.

ಎರಡನೆಯ ತೊಡಕಿಗೆ ನಾನೇ ಕಾರಣ. ಕೈಗೆ ಸುಲಭವಾಗಿ ಸಿಗಲೆಂದು ಚಿತ್ರಗಳನ್ನು ಡೆಸ್ಕ್‌ಟಾಪಿಗೆ ತಂದಿಡಲು ಹೋಗಿ, ನಕಲು ಮಾಡುವ ಬದಲು ಶಾರ್ಟ್‌ಕಟ್ ಮಾಡಿದ್ದೆ. ಅವನ್ನು ಎಳೆದು ಪತ್ರದ ಮೇಲೆ ಹಾಕಿದರೆ, ಸುರಕ್ಷತೆಯ ಕಾರಣದಿಂದ ಈ ಫೈಲನ್ನು ತಡೆಯಲಾಗಿದೆ ಎಂಬ ಕೆಂಪು ಅಕ್ಷರ ಬಂತು. ನನ್ನ ಅಡಿಕೆ ಸೋಗೆಯಲ್ಲಿ ಯಾವ ಅಪಾಯ ಕಂಡಿತೋ ಎಂದು ಸಿಟ್ಟೂ ಬಂತು. ಅಳಿಯಂದಿರು ಒಮ್ಮೆ ನೋಡಿ, ‘ಮಾವಾರ, ಇದು ಫೋಟೋ ಅಲ್ರೀ. ಫೋಟೋ ಎಲ್ಲೈತಿ ಅಂತ ಬರದಿಟ್ಟ ಚೀಟಿ’ ಎಂದರು. ಚಿತ್ರದ ಮೂಲೆಯಲ್ಲಿ ಸಣ್ಣದೊಂದು ಬಾಣದ ಗುರುತಿದ್ದರೆ ಅದು ಚೀಟಿಯೇ. ಅದರ ತೂಕ ನೋಡಿದರೂ ತಿಳಿಯುತ್ತದೆ. ಫೋನಿನಲ್ಲಿ ತೆಗೆದ ಚಿತ್ರ ಒಂದೆರಡು ಕೆಬಿ ತೂಗುವುದು ಸಾಧ್ಯವೇ ಇಲ್ಲ. ಇಂಥ ಚೀಟಿಗಳ ವೇಷದಲ್ಲಿ ದುಷ್ಟ ಪ್ರೋಗ್ರಾಂಗಳು ಬರುವುದರಿಂದ ಜಿಮೇಲ್ ಮುಂತಾದ ಅಂಚೆ ಸೇವೆಗಳು ಅವನ್ನು ಬಾಗಿಲಲ್ಲೇ ನಿಲ್ಲಿಸುತ್ತವೆ.

ತೂಕದ ಮಾತು

ತೂಕ ಎಂದೆನಲ್ಲ, ಲಗತ್ತಿನ ತೊಂದರೆಗಳಲ್ಲಿ ಮುಕ್ಕಾಲು ಪಾಲು ಇದರಿಂದಲೇ ಬರುವಂಥವು. ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ ಎಂಬುದನ್ನು ನೋಡಿದರೆ ಸೈಜ್ ಎಂದು ಬರೆದಿರುತ್ತದೆ. ಕೆಬಿ ಎಂದರೆ ಸುಮಾರು ಸಾವಿರ ಅಕ್ಷರದಷ್ಟು, ಎಂಬಿ ಎಂದರೆ ಅದರ ಸಾವಿರ ಪಟ್ಟು. ಈಗಿನ ಸಾಧಾರಣ ಫೋನು ತೆಗೆಯುವ ಒಂದು ಚಿತ್ರ 3ರಿಂದ 5 ಎಂಬಿ ತೂಗುತ್ತದೆ. ನನ್ನ 14 ಚಿತ್ರಗಳು ಒಟ್ಟು 56 ಎಂಬಿ ಇದ್ದವು.

ಇ-ಮೇಲ್ ಮೂಲತಃ ಚಿತ್ರ ಸಾಗಿಸಲು ಹುಟ್ಟಿದ್ದಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಅಮೆರಿಕದ ರೇ ಟಾಮ್ಲಿನ್‌ಸನ್ 1971ರಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮೊದಲ ಪತ್ರ ಕಳಿಸಿದಾಗ, ಅದರಲ್ಲಿ ಹೋಗಬಹುದಾಗಿದ್ದುದು ಇಂಗ್ಲಿಷಿನ ಅಕ್ಷರ, ಅಂಕಿ, ಕೆಲವು ಚಿಹ್ನೆ ಮಾತ್ರ. ಚಿತ್ರವಿರಲಿ, ಕನ್ನಡದ ‘ಅ’ ಕೂಡ ಆ ದಾರಿಯಲ್ಲಿ ಹೋಗುವಂತಿರಲಿಲ್ಲ. ನಥಾನಿಯಲ್ ಬೊರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಎಂಬ ಇಬ್ಬರು ಇದಕ್ಕೊಂದು ಉಪಾಯ ಕಂಡುಹಿಡಿದು 1992ರಲ್ಲಿ ನಿಯಮವಾಗಿ ಬರೆದರು. ಮೈಮ್ ಎಂದು ಅದರ ಹೆಸರು. ಚಿತ್ರವನ್ನು ಬಿಡಿಬಿಡಿಯಾಗಿ ಸಾದಾ ಅಕ್ಷರಗಳಿಗೆ ಬದಲಾಯಿಸಿ, ಪತ್ರದ ಬುಡದಲ್ಲಿ ಸೇರಿಸಿ ಕಳಿಸುವುದು, ಆ ಕಡೆಯ ಕಂಪ್ಯೂಟರು ಅಕ್ಷರಗಳನ್ನು ಮತ್ತೆ ಚಿತ್ರ ಮಾಡಿಕೊಳ್ಳುವುದು. ಮೂವತ್ತು ವರ್ಷ ಕಳೆದರೂ ಲಗತ್ತು ಎಂಬುದು ಇದೇ ಕ್ರಮದಲ್ಲಿ ನಡೆಯುತ್ತಿದೆ. ಹೀಗೆ ಬದಲಾಯಿಸುವಾಗ ಮೂರು ಭಾಗ ಸರಕಿಗೆ ನಾಲ್ಕು ಭಾಗ ಅಕ್ಷರ ಬೇಕಾಗುತ್ತದೆ. ಅಡಿಕೆಯನ್ನು ಚೀಲದ ಸಮೇತ ತೂಗಿದ ಹಾಗೆ ಎನ್ನಿ. ಆದರೆ ಈ ಚೀಲ ಬಹಳ ಭಾರದ್ದು. ನಿಮ್ಮ ಲೆಕ್ಕದ 18 ಎಂಬಿ, ದಾರಿಯಲ್ಲಿ 24 ಎಂಬಿ ಆಗಿರುತ್ತದೆ.

ಜಿಮೇಲಿನಲ್ಲಿ ಒಂದು ಪತ್ರದ ಲಗತ್ತಿಗೆ 25 ಎಂಬಿ ಮಿತಿಯಿದೆ. ಮೇಲೆ ಹೇಳಿದ ಚೀಲದ ತೂಕವನ್ನು ಕಳೆದು, 18 ಎಂಬಿ ದಾಟದಂತೆ ನೋಡಿಕೊಂಡರೆ ನೆಮ್ಮದಿ. ಆದರೆ ಕಳಿಸುವವರ ಮಿತಿ ಒಂದೇ ಸಾಲದು, ಪಡೆಯುವವರ ಮಿತಿಯೂ ಇರುತ್ತದೆ. ಕಚೇರಿಗಳ ಅಂಚೆಪೆಟ್ಟಿಗೆ ಅನೇಕ ವೇಳೆ ಇದಕ್ಕಿಂತ ಚಿಕ್ಕದು. ಆದ್ದರಿಂದ ಕಚೇರಿಗೆ ಬರೆಯುವಾಗ ಒಟ್ಟು ಲಗತ್ತನ್ನು 5 ಎಂಬಿ ಒಳಗೆ ಇಟ್ಟುಕೊಳ್ಳುವುದು ನಾನು ಈಗ ರೂಢಿಸಿಕೊಂಡಿರುವ ಪದ್ಧತಿ.

ಮಿತಿ ದಾಟಿದರೆ ಏನಾಗುತ್ತದೆ? ಕೆಲವು ಸೇವೆಗಳು ನೇರವಾಗಿ ಆಗುವುದಿಲ್ಲ ಎನ್ನುತ್ತವೆ. ಅದೇ ಮೇಲು. ಕೆಲವು ಚಿತ್ರಗಳನ್ನು ಅಂತರಜಾಲದಲ್ಲಿರುವ ನಿಮ್ಮ ಕಪಾಟಿನಲ್ಲಿಟ್ಟು, ಪತ್ರದಲ್ಲಿ ಆ ಕಪಾಟಿನ ವಿಳಾಸವನ್ನಷ್ಟೇ ಕಳಿಸುತ್ತವೆ. ಜಿಮೇಲಿನಲ್ಲಿ ಈ ಕಪಾಟಿಗೆ ಗೂಗಲ್ ಡ್ರೈವ್ ಎಂದು ಹೆಸರು. ನನಗಾದದ್ದು ಇದೇ. 56 ಎಂಬಿ ಏರಲು ಕಾಲು ಗಂಟೆಯ ಮೇಲೆ ಹಿಡಿಯಿತು, ನಡುವೆ ಒಮ್ಮೆ ಕರೆಂಟು ಹೋಗಿ ಮೊದಲಿನಿಂದ ಆರಂಭಿಸಬೇಕಾಯಿತು. ಕಡೆಗೆ ಕಳಿಸುವ ಗುಂಡಿ ಒತ್ತಿದಾಗ, ಪಡೆಯುವವರಿಗೆ ನೋಡಲು ಅನುಮತಿ ಕೊಡಬೇಕೇ ಎಂದು ತೆರೆಯ ಮೇಲೊಂದು ಪ್ರಶ್ನೆ ಬಂತು. ನಿದ್ದೆಗಣ್ಣಿನಲ್ಲಿ ಓದದೆ, ಹಾಗೆಯೇ ಕಳಿಸು ಎಂಬುದನ್ನು ಒತ್ತಿದೆ. ಮರುದಿನ ಮಧ್ಯಾಹ್ನ ಅಧಿಕಾರಿಗಳಿಂದ ಉತ್ತರ: ‘ಚಿತ್ರ ತೆರೆಯುತ್ತಿಲ್ಲ, ಅನುಮತಿ ಕೇಳುತ್ತಿದೆ.’ ಕಪಾಟಿನ ವಿಳಾಸ ಕೊಟ್ಟು ಬೀಗದ ಕೈ ನನ್ನ ಜೇಬಿನಲ್ಲೇ ಇಟ್ಟುಕೊಂಡಿದ್ದೆ. ಈ ಪ್ರಶ್ನೆ ಬಂದಾಗ ‘ವಿಳಾಸ ತಿಳಿದವರೆಲ್ಲ ನೋಡಬಹುದು’ ಎಂಬುದನ್ನು ಆರಿಸಿದರೆ ಚಿತ್ರ ತೆರೆಯುತ್ತದೆ. ತೋಟದ ಚಿತ್ರಕ್ಕೆ ಅದು ಸಾಕು. ಪಹಣಿ, ಆಧಾರ್, ಪಾಸ್‌ಬುಕ್ಕಿನ ಚಿತ್ರಗಳಿಗೆ ಮಾತ್ರ ಹಾಗೆ ಮಾಡಕೂಡದು.

ಏರುವ ವೇಗದ ಬಗ್ಗೆಯೂ ಒಂದು ಮಾತು. ನಮ್ಮ ಹಳ್ಳಿಗಳ ಎಷ್ಟೋ ಇಂಟರ್ನೆಟ್ ಸಂಪರ್ಕಗಳಲ್ಲಿ ಇಳಿಯುವ ವೇಗ ಒಂದು, ಏರುವ ವೇಗ ಅದರ ಒಂದು ಸಣ್ಣ ಪಾಲು. ಸಿನಿಮಾ ಸರಾಗವಾಗಿ ಕಾಣುವ ಮನೆಯಲ್ಲೇ ಚಿತ್ರ ಹೋಗದೆ ನಿಲ್ಲುವುದು ಇದರಿಂದ. ಏರುವ ವೇಗ ಸೆಕೆಂಡಿಗೆ ಅರ್ಧ ಮೆಗಾಬಿಟ್ ಇದ್ದಲ್ಲಿ 20 ಎಂಬಿ ಲಗತ್ತಿಗೆ ಚೀಲದ ತೂಕವೂ ಸೇರಿ ಸುಮಾರು 7 ನಿಮಿಷ ಬೇಕು. ಅಷ್ಟರಲ್ಲಿ ನಾವು ತಾಳ್ಮೆಗೆಟ್ಟು ಪುಟವನ್ನು ಮುಚ್ಚಿರುತ್ತೇವೆ. ಲಗತ್ತಿನ ಹೆಸರಿನ ಪಕ್ಕದ ನೀಲಿ ಪಟ್ಟಿ ಕೊನೆ ಮುಟ್ಟಿ ಮಾಯವಾಗುವ ತನಕ ಕೈ ಕಟ್ಟಿ ಕುಳಿತಿರಬೇಕು.

ಕುಗ್ಗಿಸುವುದು ಬೇರೆ, ಕತ್ತರಿಸುವುದು ಬೇರೆ

ಮಂಗಳವಾರ ರಾತ್ರಿ ಅಳಿಯಂದಿರು ನನ್ನ ಕಷ್ಟ ನೋಡಲಾರದೆ, 14 ಚಿತ್ರಗಳನ್ನೂ ಒಟ್ಟಿಗೆ 640ಕ್ಕೆ 480 ಎಂಬ ಅಳತೆಗೆ ಇಳಿಸಿಕೊಟ್ಟರು. ಎಲ್ಲವೂ ಸೇರಿ ಒಂದೂವರೆ ಎಂಬಿ ಆಗಲಿಲ್ಲ, ಕ್ಷಣದಲ್ಲಿ ಹೋಯಿತು. ಗೆದ್ದೆವೆಂದು ಮಲಗಿದೆವು. ಬುಧವಾರ ಬೆಳಿಗ್ಗೆ ಉತ್ತರ ಬಂತು: ‘ಸೋಗೆ ಕಾಣುತ್ತದೆ, ಚುಕ್ಕಿಯಿದೆ ಎಂಬುದೂ ಕಾಣುತ್ತದೆ. ದೊಡ್ಡದು ಮಾಡಿ ನೋಡಿದರೆ ಬರಿಯ ಚೌಕ ಚೌಕ. ಚುಕ್ಕಿಯ ಅಂಚು ತಿಳಿಯುತ್ತಿಲ್ಲ.’

ಪಡಸಾಲೆಯಲ್ಲಿ ಕುಳಿತು ಚಹ ಕುಡಿಯುತ್ತಿದ್ದ ಬೀಗರು, ‘ಏನ್ರೀ ಬೀಗರ, ನಿಮ್ಮ ಅಡಿಕಿ ಎಲಿ ಇನ್ನಾ ಊರು ಬಿಟ್ಟಿಲ್ಲೇನ್ರೀ?’ ಎಂದು ನಕ್ಕರು. ನಗುವುದಕ್ಕೆ ಅವರಿಗೇನೂ ಹಕ್ಕಿರಲಿಲ್ಲ. ಊರಿನ ಜೋಡು ಕಳಸದ ಗುಡಿಯ ಚಿತ್ರಗಳನ್ನು ಪುಣೆಯಲ್ಲಿರುವ ಹಿರಿಮಗಳಿಗೆ ಕಳಿಸಲಾಗದೆ ಅವರೂ ಒಂದು ತಿಂಗಳಿಂದ ಒದ್ದಾಡುತ್ತಿದ್ದರು.

ಆ ಬೆಳಿಗ್ಗೆ ಕುಳಿತು ಲೆಕ್ಕ ಹಾಕಿದಾಗ ವಿಷಯ ಹೊಳೆಯಿತು. ಓದುಗರು ಇದೊಂದನ್ನು ಗಮನವಿಟ್ಟು ಓದಬೇಕೆಂದು ಕೋರುತ್ತೇನೆ. ಚಿತ್ರವೆಂದರೆ ಬಣ್ಣದ ಸಣ್ಣ ಸಣ್ಣ ಬಿಂದುಗಳ ಸಾಲು. ಪಿಕ್ಸೆಲ್ ಎಂದು ಅದಕ್ಕೆ ಹೆಸರು. ನನ್ನ ಫೋನಿನ ಚಿತ್ರ ಅಡ್ಡಕ್ಕೆ 4000, ಉದ್ದಕ್ಕೆ 3000 ಬಿಂದು, ಅಂದರೆ ಒಟ್ಟು 1 ಕೋಟಿ 20 ಲಕ್ಷ. ಅದರಲ್ಲಿ ರೋಗದ ಚುಕ್ಕಿಯಿರುವ ಭಾಗ ಅಡ್ಡಕ್ಕೆ ಕಾಲು, ಉದ್ದಕ್ಕೆ ಕಾಲು ಎಂದಿಟ್ಟುಕೊಳ್ಳಿ. ಆ ಭಾಗಕ್ಕೆ 1000ಕ್ಕೆ 750 ಬಿಂದುಗಳು ಸಿಕ್ಕಿವೆ. ಇಡೀ ಚಿತ್ರವನ್ನು 640ಕ್ಕೆ 480ರ ಅಳತೆಗೆ ಕುಗ್ಗಿಸಿದರೆ ಚುಕ್ಕಿಯ ಭಾಗಕ್ಕೆ ಉಳಿಯುವುದು 160ಕ್ಕೆ 120 ಮಾತ್ರ. ಉಳಿದದ್ದು ಹೋಯಿತು. ಆ ಕಡೆಯವರು ಎಷ್ಟು ದೊಡ್ಡದು ಮಾಡಿ ನೋಡಿದರೂ ಅದು ಮರಳಿ ಬರುವುದಿಲ್ಲ. ಅದರ ಬದಲು ಬೇಡದ ನೆಲ, ಆಕಾಶ, ಪಕ್ಕದ ಮರ ಇವನ್ನು ಸವರಿ ಹಾಕಿ ಚುಕ್ಕಿಯ ಭಾಗವನ್ನಷ್ಟೇ ಉಳಿಸಿಕೊಂಡರೆ, ಅದರ 1000ಕ್ಕೆ 750 ಬಿಂದುಗಳೂ ಇದ್ದಂತೆಯೇ ಇರುತ್ತವೆ. ಚಿತ್ರದ ತೂಕ ಮಾತ್ರ ಹದಿನಾರನೆಯ ಒಂದು ಪಾಲಿಗೆ, 4 ಎಂಬಿ ಇದ್ದದ್ದು ಕಾಲು ಎಂಬಿಯ ಆಸುಪಾಸಿಗೆ, ಇಳಿಯುತ್ತದೆ. ಕುಗ್ಗಿಸಿದರೂ ತೂಕ ಇಳಿಯುತ್ತದೆ, ಕತ್ತರಿಸಿದರೂ ಇಳಿಯುತ್ತದೆ. ಆದರೆ ರೋಗ ಗುರುತಿಸುವವರಿಗೆ ಬೇಕಾದದ್ದು ಕತ್ತರಿಸಿದ ಚಿತ್ರದಲ್ಲಿ ಮಾತ್ರ ಉಳಿದಿರುತ್ತದೆ.

ಮಾಡುವ ಕ್ರಮ ಕಷ್ಟದ್ದಲ್ಲ. ಚಿತ್ರದ ಮೇಲೆ ಬಲಗುಂಡಿ ಒತ್ತಿ ‘ಓಪನ್ ವಿತ್’ ಎಂಬಲ್ಲಿ ‘ಪೇಂಟ್’ ಆರಿಸಿ. ಮೇಲಿನ ಸಾಲಿನ ‘ಸೆಲೆಕ್ಟ್’ ಒತ್ತಿ, ಚುಕ್ಕಿಯ ಸುತ್ತ ಸ್ವಲ್ಪ ಹಸಿರು ಎಲೆಯೂ ಬರುವಂತೆ ಚೌಕ ಎಳೆದು ‘ಕ್ರಾಪ್’ ಒತ್ತಿರಿ. ಆರೋಗ್ಯದ ಭಾಗವೂ ಪಕ್ಕದಲ್ಲಿ ಕಂಡರೆ ಹೋಲಿಸಿ ನೋಡಲು ಅನುಕೂಲ. ಆಮೇಲೆ ‘ಸೇವ್’ ಒತ್ತದೆ ‘ಸೇವ್ ಆಸ್’ ಒತ್ತಿ ಬೇರೆ ಹೆಸರು ಕೊಡಬೇಕು. ಬರಿಯ ಸೇವ್ ಒತ್ತಿದರೆ ಮೂಲ ಚಿತ್ರದ ಮೇಲೆಯೇ ಬರೆದು, ಕತ್ತರಿಸಿದ ಚೂರೊಂದೇ ಉಳಿಯುತ್ತದೆ. ನನ್ನದೊಂದು ಚಿತ್ರ ಹೀಗೆ ಹೋಯಿತು. ಪುಣ್ಯಕ್ಕೆ ಫೋನಿನಲ್ಲಿ ಇನ್ನೊಂದು ಪ್ರತಿ ಇತ್ತು.

ಸೇವ್ ಆಸ್ ಎಂಬಲ್ಲಿ ಜೆಪೆಗ್ ಎಂಬ ಬಗೆಯನ್ನೇ ಆರಿಸತಕ್ಕದ್ದು. ಅಲ್ಲೇ ಬಿಟ್‌ಮ್ಯಾಪ್ ಎಂಬ ಇನ್ನೊಂದು ಬಗೆಯೂ ಕಾಣುತ್ತದೆ. ಅದು ಪ್ರತಿ ಬಿಂದುವಿಗೂ ಮೂರು ಬೈಟಿನಂತೆ ಹಾಗೆಯೇ ಬರೆದಿಡುವ ಹಳೆಯ ಪದ್ಧತಿ. 4 ಎಂಬಿಯ ಚಿತ್ರವನ್ನು ಕತ್ತರಿಸದೆ ಹಾಗೆ ಉಳಿಸಿದರೆ 36 ಎಂಬಿ ಆಗಿ ಕೂರುತ್ತದೆ. ತೂಕ ಇಳಿಸಲು ಹೋಗಿ ಏರಿಸಿಕೊಂಡವರನ್ನು ನಾನು ಕಂಡಿದ್ದೇನೆ.

ಹಾಗಾದರೆ ಕುಗ್ಗಿಸುವುದು ಎಂದೂ ತಪ್ಪೇ? ಅಲ್ಲ. ನೋಡುವವರಿಗೆ ಒಟ್ಟು ನೋಟ ಸಾಕಾದಲ್ಲಿ ಕುಗ್ಗಿಸುವುದೇ ಸರಿ. ಬೀಗರ ಗುಡಿಯ ಚಿತ್ರಗಳು ಅಂಥವು. ಕಲ್ಯಾಣ ಚಾಲುಕ್ಯರ ಕಾಲದ ಆ ಗುಡಿಯ ಎರಡು ಶಿಖರಗಳೂ ಒಂದೇ ಚಿತ್ರದಲ್ಲಿ ಬರಬೇಕು, ಅದನ್ನು ಕತ್ತರಿಸಿದರೆ ಜೋಡು ಎಂಬ ಹೆಸರಿಗೇ ಅರ್ಥವಿಲ್ಲ. ಪೇಂಟಿನ ‘ರೀಸೈಜ್’ ಎಂಬಲ್ಲಿ ಪಿಕ್ಸೆಲ್ ಆರಿಸಿ, ಅಡ್ಡಕ್ಕೆ 1600 ಎಂದು ಬರೆದೆವು. ಉದ್ದವನ್ನು ಅದು ತಾನೇ ಲೆಕ್ಕ ಹಾಕಿಕೊಂಡಿತು. 9 ಚಿತ್ರಗಳು ಸೇರಿ 54 ಎಂಬಿ ಇದ್ದದ್ದು 4 ಎಂಬಿಯ ಒಳಗೆ ಬಂತು. ಊರಿನ ನಾಗಕುಂಡದ ಒಳಗೋಡೆಯ ಕೆತ್ತನೆಯದೊಂದನ್ನು ಮಾತ್ರ ಕುಗ್ಗಿಸದೆ ಕತ್ತರಿಸಿದೆವು, ಮಗಳು ಆ ಕುಸುರಿಯನ್ನೇ ನೋಡಬೇಕೆಂದು ಕೇಳಿದ್ದಳಂತೆ. ಎಲೆಯ ಚುಕ್ಕಿಗೂ ಕಲ್ಲಿನ ಕುಸುರಿಗೂ ಒಂದೇ ಮದ್ದು ಎಂದು ಬೀಗರಿಗೆ ಹೇಳಿದೆ.

ಇಷ್ಟೆಲ್ಲ ಏಕೆ, ವಾಟ್ಸಾಪಿನಲ್ಲಿ ಹಾಕಿದರಾಯಿತಲ್ಲ ಎಂದು ಕೇಳುವವರಿದ್ದಾರೆ. ವಾಟ್ಸಾಪು ಚಿತ್ರ ಬೇಗ ಹೋಗಲೆಂದು ತಾನೇ ಅದನ್ನು ಕುಗ್ಗಿಸುತ್ತದೆ, ನಮ್ಮನ್ನು ಕೇಳುವುದೂ ಇಲ್ಲ. ಎಚ್‌ಡಿ ಎಂಬ ಸೌಲಭ್ಯ 2023ರಲ್ಲಿ ಬಂದಿದೆಯಾದರೂ ಅದೂ ಮೂಲ ಚಿತ್ರವಲ್ಲ. ವಾಟ್ಸಾಪಿನಲ್ಲೇ ಕಳಿಸಬೇಕಾಗಿ ಬಂದರೆ, ಪೇಪರ್ ಕ್ಲಿಪ್ಪಿನ ಗುರುತು ಒತ್ತಿ ಗ್ಯಾಲರಿಯ ಬದಲು ‘ಡಾಕ್ಯುಮೆಂಟ್’ ಎಂಬುದರ ಮೂಲಕ ಕಳಿಸಿರಿ, ಇದ್ದದ್ದು ಇದ್ದಂತೆ ಹೋಗುತ್ತದೆ. ಇನ್ನೊಂದು ಹೊಂಡವಿದೆ. ತಮ್ಮನೋ ಮಗನೋ ತೋಟದಿಂದ ವಾಟ್ಸಾಪಿನಲ್ಲಿ ಕಳಿಸಿದ ಚಿತ್ರವನ್ನು ಇಳಿಸಿಕೊಂಡು ಮೇಲಿಗೆ ಲಗತ್ತಿಸಿದರೆ, ಅದು ಆಗಲೇ ಕುಗ್ಗಿದ ಚಿತ್ರ. ತೆಗೆದ ದಿನಾಂಕ, ಸ್ಥಳ ಮುಂತಾದ ಒಳಗಿನ ಟಿಪ್ಪಣಿಯೂ ಅದರಲ್ಲಿ ಅಳಿಸಿಹೋಗಿರುತ್ತದೆ. ವಿಮೆಯ ವಿಚಾರದಲ್ಲಿ ದಿನಾಂಕಕ್ಕೆ ಬೆಲೆಯಿರುವುದರಿಂದ ತೆಗೆದ ಫೋನಿನಿಂದಲೇ ಮೂಲ ಚಿತ್ರವನ್ನು ತರಿಸಿಕೊಳ್ಳುವುದು ಲೇಸು. ಚಿತ್ರವನ್ನು ವರ್ಡ್ ಕಾಗದದೊಳಗೆ ಅಂಟಿಸಿ ಕಳಿಸುವ ಅಭ್ಯಾಸವೂ ನಮ್ಮಲ್ಲಿದೆ. ವರ್ಡ್ ಕೂಡ ಉಳಿಸುವಾಗ ಚಿತ್ರವನ್ನು ಕುಗ್ಗಿಸಿಬಿಡಬಹುದು, ಹಾಗೆ ಮಾಡದಿರುವುದೇ ಒಳ್ಳೆಯದು.

ಉಳಿದ ಸಣ್ಣಪುಟ್ಟ ತೊಡಕುಗಳು

ಆಪಲ್ ಕಂಪನಿಯ ಐಫೋನು ಇರುವವರಿಗೆ ಬೇರೊಂದು ಸಮಸ್ಯೆ. 2017ರಿಂದೀಚೆಗೆ ಆ ಫೋನುಗಳು ಚಿತ್ರವನ್ನು ಹೈಕ್ ಎಂಬ ಬೇರೆ ಬಗೆಯಲ್ಲಿ ಉಳಿಸುತ್ತವೆ. ಲಗತ್ತಾಗುತ್ತದೆ, ಹೋಗುತ್ತದೆ, ಆದರೆ ಪಡೆದವರ ಹಳೆಯ ಕಂಪ್ಯೂಟರಿನಲ್ಲಿ ತೆರೆಯುವುದಿಲ್ಲ. ಫೋನಿನ ಸೆಟ್ಟಿಂಗ್ಸ್, ಅದರಲ್ಲಿ ಕ್ಯಾಮೆರಾ, ಅದರಲ್ಲಿ ಫಾರ್ಮ್ಯಾಟ್ಸ್ ಎಂಬಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಎಂಬುದನ್ನು ಆರಿಸಿದರೆ ಮುಂದಿನ ಚಿತ್ರಗಳು ಜೆಪೆಗ್ ಆಗಿಯೇ ಬರುತ್ತವೆ.

ಪತ್ರ ಕಳಿಸಿ ಸ್ವಲ್ಪ ಹೊತ್ತಿಗೆ ಮೇಲರ್ ಡೀಮನ್ ಎಂಬ ಹೆಸರಿನಿಂದ ಇಂಗ್ಲಿಷಿನ ಪತ್ರವೊಂದು ಬರುವುದುಂಟು. ಹೆಸರು ಕೇಳಿ ವೈರಸ್ ಎಂದು ಅಳಿಸಿಹಾಕುವವರೇ ಹೆಚ್ಚು. ಅದು ವಿಳಾಸದಾರರಿಗೆ ತಲುಪದೆ ಮರಳಿದ ಟಪಾಲಿನ ಮೇಲಿನ ಷರಾ ಅಷ್ಟೆ. ಅದರೊಳಗೆ 550 ಎಂಬ ಅಂಕಿಯಿದ್ದರೆ ಬಹುಮಟ್ಟಿಗೆ ವಿಳಾಸ ತಪ್ಪು, ಒಂದೊಂದು ಅಕ್ಷರವನ್ನೂ ಮತ್ತೆ ಹೋಲಿಸಿರಿ. 552 ಎಂದಿದ್ದರೆ ತೂಕ ಹೆಚ್ಚಾಗಿದೆ, ಇಲ್ಲವೇ ಅವರ ಪೆಟ್ಟಿಗೆ ತುಂಬಿದೆ. ತೂಕ ಹೆಚ್ಚಾಗಿದ್ದರೆ ಎರಡು ಮೂರು ಪತ್ರಗಳಾಗಿ ಹಂಚಿ ಕಳಿಸಬಹುದು.

ಅವರ ಪೆಟ್ಟಿಗೆಯಂತೆ ನಮ್ಮದೂ ತುಂಬುತ್ತದೆ. ಗೂಗಲಿನವರು ಖಾತೆಗೆ ಉಚಿತವಾಗಿ ಕೊಡುವ ಜಾಗ 15 ಜಿಬಿ, ಅದರಲ್ಲೇ ಪತ್ರ, ಫೋನಿನ ಚಿತ್ರ, ಕಪಾಟು ಎಲ್ಲವೂ ಸೇರಿದೆ. ಮೊಮ್ಮಕ್ಕಳ ವಿಡಿಯೋಗಳಿಂದ ಅದು ತುಂಬಿದರೆ ಪತ್ರ ಹೋಗುವುದೂ ನಿಲ್ಲುತ್ತದೆ, ಬರುವುದೂ ನಿಲ್ಲುತ್ತದೆ.

ಪೇಪರ್ ಕ್ಲಿಪ್ಪಿನ ಗುರುತು ಒತ್ತಿದರೂ ಏನೂ ಆಗದಿದ್ದರೆ ಮೊದಲು ಪುಟವನ್ನು ಮುಚ್ಚಿ ತೆರೆಯಿರಿ, ಆಗದಿದ್ದರೆ ಬೇರೆ ಬ್ರೌಸರಿನಲ್ಲಿ ನೋಡಿರಿ. ಜಾಹೀರಾತು ತಡೆಯಲೆಂದು ಮಕ್ಕಳು ಸೇರಿಸಿಟ್ಟ ಪ್ರೋಗ್ರಾಂಗಳು ಕೆಲವೊಮ್ಮೆ ಇದನ್ನೂ ತಡೆಯುತ್ತವೆ. ಮಳೆಗಾಲದಲ್ಲಿ ವಾರಗಟ್ಟಲೆ ಪ್ಲಗ್ ತೆಗೆದಿಟ್ಟ ಹಳೆಯ ಕಂಪ್ಯೂಟರಿನಲ್ಲಿ ಮೇಲ್ ಪುಟವೇ ತೆರೆಯದೆ ಸುರಕ್ಷಿತವಲ್ಲ ಎಂದು ಹೇಳಿದರೆ, ಮೂಲೆಯ ದಿನಾಂಕವನ್ನು ನೋಡಿರಿ. ಒಳಗಿನ ಬಿಲ್ಲೆ ಸೆಲ್ಲು ಸತ್ತು ದಿನಾಂಕ ಹಲವು ವರ್ಷ ಹಿಂದೆ ಹೋಗಿರುತ್ತದೆ. ದಿನಾಂಕ ಸರಿಪಡಿಸಿದರೆ ಪುಟ ತೆರೆಯುತ್ತದೆ, ಸೆಲ್ಲು ಬದಲಿಸುವುದು ಅಗ್ಗದ ಕೆಲಸ. ವಿಂಡೋಸಿನ ಜೊತೆಗೇ ಬಂದಿದ್ದ ಮೇಲ್ ಎಂಬ ಹಳೆಯ ಪ್ರೋಗ್ರಾಮನ್ನು ಮೈಕ್ರೋಸಾಫ್ಟಿನವರು 2024ರ ಕೊನೆಗೆ ನಿಲ್ಲಿಸಿದರು. ಅದರಲ್ಲೇ ಬರೆಯುತ್ತಿದ್ದವರಿಗೆ ಚಿತ್ರವಲ್ಲ, ಪತ್ರವೇ ಹೋಗುವುದಿಲ್ಲ. ಅಂಥವರು ಬ್ರೌಸರಿನ ಮೂಲಕ ಬರೆಯುವುದೇ ಸುಲಭ.

ನನ್ನ ವಿಷಯಕ್ಕೆ ಮರಳುತ್ತೇನೆ. ಬುಧವಾರ ಮಧ್ಯಾಹ್ನ 14 ಚಿತ್ರಗಳಲ್ಲಿ 5ನ್ನು ಮಾತ್ರ ಆರಿಸಿಕೊಂಡೆ. ಒಂದರಲ್ಲಿ ಇಡೀ ಮರ, ಒಂದರಲ್ಲಿ ಪೂರ್ತಿ ಸೋಗೆ. ಇವೆರಡನ್ನು 1600ಕ್ಕೆ ಕುಗ್ಗಿಸಿದೆ. ಉಳಿದ ಮೂರರಲ್ಲಿ ಚುಕ್ಕಿಗಳನ್ನು ಕತ್ತರಿಸಿಕೊಂಡೆ. ಚಿತ್ರಗಳ ಹೆಸರನ್ನು ಫೋನು ಕೊಟ್ಟ ಉದ್ದನೆಯ ಅಂಕಿಗಳ ಬದಲು ಮರ, ಸೋಗೆ, ಚುಕ್ಕಿ 1, ಚುಕ್ಕಿ 2, ಚುಕ್ಕಿ 3 ಎಂದು ಇಂಗ್ಲಿಷ್ ಅಕ್ಷರದಲ್ಲಿ ಬದಲಾಯಿಸಿದೆ. ವಿಷಯದ ಸಾಲಿನಲ್ಲಿ ಊರು, ಬೆಳೆ, ರೋಗದ ಶಂಕೆ ಎಂದು ಬರೆದೆ. ವಿಷಯವೂ ಇಲ್ಲದೆ, ಒಂದು ಸಾಲು ಮಾತೂ ಇಲ್ಲದೆ ಬರಿಯ ಚಿತ್ರ ಕಳಿಸಿದರೆ ಅದು ಕಸದ ಬುಟ್ಟಿಗೆ ಹೋಗುವ ಸಂಭವ ಹೆಚ್ಚು. ಒಳಗೆ ಮರಗಳ ವಯಸ್ಸು, ಚುಕ್ಕಿ ಮೊದಲು ಕಂಡ ದಿನ, ಕೆಳಗಿನ ಸೋಗೆಯಿಂದ ಮೇಲಕ್ಕೆ ಹಬ್ಬುತ್ತಿದೆಯೇ ಎಂಬುದು, ಹಿಂದೆ ಬೋರ್ಡೋ ಹೊಡೆದ ದಿನ ಇಷ್ಟನ್ನೂ ಸೇರಿಸಿದೆ. ಒಟ್ಟು ಲಗತ್ತು 2 ಎಂಬಿಯೂ ಆಗಲಿಲ್ಲ.

ಸಂಜೆ ನಾಲ್ಕು ಗಂಟೆಗೆ ಅಧಿಕಾರಿಗಳೇ ಫೋನು ಮಾಡಿದರು. ಹಳದಿ ಬಳೆ ಸ್ಪಷ್ಟವಾಗಿ ಕಾಣುತ್ತದೆ, ಎಲೆಚುಕ್ಕಿ ರೋಗವೆಂದೇ ತೋರುತ್ತದೆ, ಹೆಚ್ಚು ಬಾಧೆಯಾದ ಕೆಳಗಿನ ಸೋಗೆಗಳನ್ನು ತೆಗೆಸಿ ಸುಡಿರಿ ಎಂದರು. ಮದ್ದಿನ ಹೆಸರು, ಪ್ರಮಾಣವನ್ನೂ ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ, ಪ್ರತಿಯೊಬ್ಬರೂ ತಮ್ಮ ತೋಟದ ಸ್ಥಿತಿಗೆ ತಕ್ಕಂತೆ ತಿಳಿದವರನ್ನೇ ಕೇಳತಕ್ಕದ್ದು. ಚಿತ್ರ ನೋಡಿ ಹೇಳಿದ್ದು ಶಂಕೆ ಮಾತ್ರ, ಖಚಿತಪಡಿಸಲು ಎಲೆಯೇ ಬೇಕು ಎಂದೂ ಸೇರಿಸಿದರು. ಎಲೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಬೆವರಿ ಕೊಳೆಯುತ್ತದೆ, ಕಾಗದದಲ್ಲಿ ಸುತ್ತಿ ಕಳಿಸಬೇಕು.

ಆ ಕೂಡಲೇ ತಮ್ಮನಿಗೆ ಫೋನು ಮಾಡಿದೆ. ಗುರುವಾರ ಕೊನೆಗಾರರು ಬಂದರು. ಕೆಳಗಿನ ತೋಟ ಮುಗಿಯಿತು, ಮೇಲಿನ ತೋಟದ ಎರಡು ಸಾಲು ಉಳಿದಿತ್ತು. ಶುಕ್ರವಾರ ಮಧ್ಯಾಹ್ನ ಮಳೆ ಹಿಡಿಯಿತು. ಎಲೆಯ ಕಟ್ಟನ್ನು ತಮ್ಮ ಬಸ್ಸಿನಲ್ಲಿ ಕಳಿಸಿಕೊಟ್ಟ. ನಾವು ಶನಿವಾರ ಸೂಡಿಯಿಂದ ಹೊರಡುವಾಗ ಬೀಗರು ಕಂಪ್ಯೂಟರಿನ ಮುಂದೆ ಕುಳಿತು, ಮಲ್ಲಿಕಾರ್ಜುನ ಗುಡಿಯ ಚಿತ್ರವೊಂದನ್ನು ಕುಗ್ಗಿಸಬೇಕೋ ಕತ್ತರಿಸಬೇಕೋ ಎಂದು ಮಗನೊಡನೆ ವಾದಿಸುತ್ತಿದ್ದರು.